ಗಸಗಸೆ ಕಡಿಮೆಯಾಗಿದ್ದ ಕಜ್ಜಾಯ

ಪಕ್ಷದ ಊಟಕ್ಕೆ ಬರುವಾಗ ಎಡೆಗೆ ಏನು ತರಲಿ ಎಂದು ನನ್ನ ತಂಗಿ ಜಯಲಕ್ಷ್ಮಿ ಫೋನಿನಲ್ಲಿ ಕೇಳಿದಳು. ಏನೂ ತರಬೇಡ ಎಂದೆ. ಅಪ್ಪನೇ ಹಾಗೆ ಹೇಳಿದ್ದಾರೆ ಎಂದೂ ಸೇರಿಸಿದೆ. ಅಪ್ಪ ಹಾಗೆ ಹೇಳಿರಲಿಲ್ಲ. ಅವರು ಹೇಳಿದ್ದು ಬೇರೆ — ಅದನ್ನು ನಾನು ನುಂಗಿಕೊಂಡೆ.

ತಪ್ಪೊಪ್ಪಿಗೆ ಇಲ್ಲಿಗೆ ಮುಗಿಯಿತು. ಮಿಕ್ಕಿದ್ದೆಲ್ಲ ವಿವರ. ಆದರೆ ವಿವರವಿಲ್ಲದ ಒಪ್ಪಿಗೆ ಚಕ್ಕುಬಂದಿ ಇಲ್ಲದ ಕ್ರಯಪತ್ರದ ಹಾಗೆ. ಜಮೀನು ಎಲ್ಲಿದೆ, ಯಾರ ಬೇಲಿಗೆ ತಾಗಿದೆ, ಒಂದೂ ತಿಳಿಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನು ದೊಡ್ಡಬಳ್ಳಾಪುರದ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಪತ್ರ ಬರೆಯುತ್ತಲೇ ತಲೆ ನರೆಸಿಕೊಂಡವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ — ‘ಸ್ವಸ್ಥಚಿತ್ತನಾಗಿ, ಯಾರ ಬಲವಂತವೂ ಇಲ್ಲದೆ’ ಎಂದು ಅರ್ಧ ತಾಲ್ಲೂಕಿನ ಪರವಾಗಿ ಬರೆದಿದ್ದೇನೆ. ನನ್ನ ಪರವಾಗಿ ಬರೆಯುತ್ತಿರುವುದು ಇದೇ ಮೊದಲು. ಸ್ವಸ್ಥಚಿತ್ತದ ಬಗ್ಗೆ ನನ್ನ ಹೆಂಡತಿ ಗೌರಮ್ಮನ ತಕರಾರು ಇದ್ದೇ ಇದೆ. ಬಲವಂತ ಮಾತ್ರ ಯಾರದೂ ಇಲ್ಲ.

ನಮ್ಮ ಊರು ದೊಡ್ಡಬೆಳವಂಗಲದ ಹತ್ತಿರ. ನಮ್ಮ ಕಡೆ ಪಕ್ಷವೆಂದರೆ ಸತ್ತ ಹಿರಿಯರನ್ನು ಊಟಕ್ಕೆ ಕರೆಯುವ ಹಬ್ಬ. ಬದುಕಿರುವವರನ್ನೂ ಕರೆಯುತ್ತೇವೆ, ಏಕೆಂದರೆ ಸತ್ತವರು ಉಣ್ಣುವುದು ಕಡಿಮೆ. ನಡುಮನೆಯಲ್ಲಿ ಕಳಶವಿಟ್ಟು, ಹಿರಿಯರ ಹೆಸರಿನಲ್ಲಿ ಹೊಸ ಪಂಚೆ, ಸೀರೆ ಮಡಿಸಿಟ್ಟು, ಬಾಳೆ ಎಲೆಯ ಮೇಲೆ ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ಇದೇ ಎಡೆ. ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಮತ್ತು ಮರೆಯದೆ ಬೆಂಕಿಪೊಟ್ಟಣ. ಆಮೇಲೆ ಬಾಗಿಲು ಮುಚ್ಚಿ, ಹಿರಿಯರು ಸಂಕೋಚಪಡದೆ ಉಣ್ಣಲಿ ಎಂದು ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಕೆಮ್ಮಿ, ಬಾಗಿಲು ತಟ್ಟಿ, ಅವರಿಗೆ ಏಳಲು ಪುರುಸೊತ್ತು ಕೊಟ್ಟು ಒಳಗೆ ಹೋಗುತ್ತಾರೆ. ನಮ್ಮ ಉಣ್ಣುವ ಕಾರ್ಯಕ್ರಮ ಆಮೇಲೆ.

ಈ ಊಟಕ್ಕೆ ಬರುವವರು ಏನು ತರಬೇಕು ಎಂಬುದು ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇತ್ಯರ್ಥವಾಗಿರುವ ವಿಷಯ. ಸ್ನೇಹಿತರು, ನೆರೆಯವರು, ಪರಿಚಯದವರು ಬರಿಗೈಯಲ್ಲಿ ಬಂದು ಉಂಡು ಹೋಗಬಹುದು. ಬಾಳೆಹಣ್ಣು ತಂದರೆ ಬೇಡ ಅನ್ನುವುದಿಲ್ಲ. ಆದರೆ ಆ ಹಿರಿಯರ ಮಕ್ಕಳು, ಮೊಮ್ಮಕ್ಕಳು ಅನ್ನಿಸಿಕೊಂಡವರು ಎಡೆಗೆಂದು ಒಂದು ಪದಾರ್ಥ ತರಲೇಬೇಕು — ಅದೂ ತಮ್ಮ ಮನೆಯ ಒಲೆಯ ಮೇಲೆ ಆದದ್ದು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಇದೇ ಕಾನೂನು. ಈಚೆಗೆ ಇದು ಸಡಿಲವಾಗಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಹೋದ ವರ್ಷ ದಾಯಾದಿಗಳ ಪೈಕಿ ಒಬ್ಬ ಹುಡುಗ ನಮ್ಮಜ್ಜಿಯ ಎಡೆಗೆ ಪಿಜ್ಜಾ ತಂದಿಟ್ಟ. ಅಜ್ಜಿ ಎದ್ದು ಬಂದು ಕೇಳಲಿಲ್ಲ, ಅದು ಅವನ ಪುಣ್ಯ. ಆದರೂ ತಂದನಲ್ಲ — ಆ ಲೆಕ್ಕದಲ್ಲಿ ಅವನು ಮನೆಯವನೇ.

ಇದನ್ನೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ನಮ್ಮ ಮನೆಯ ಮಗಳಿಗೆ ಪಕ್ಷಕ್ಕೆ ‘ಏನೂ ತರಬೇಡ’ ಎಂದರೆ, ಅದು ಉಪಚಾರದ ಮಾತಲ್ಲ. ನೀನು ಈ ಮನೆಯವಳಲ್ಲ, ಬಂದು ಉಂಡು ಹೋಗು ಎಂದ ಹಾಗೆ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಜಯ ನನಗಿಂತ ಬಹಳ ಚಿಕ್ಕವಳು. ಅಮ್ಮ ಹೋದ ಮೇಲೆ ಅಪ್ಪನ ಊಟ ತಿಂಡಿ ನೋಡಿಕೊಂಡವಳು. ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟುಕೊಂಡಿರುವ ಶ್ರೀನಿವಾಸನನ್ನು ಮೆಚ್ಚಿ ಮದುವೆಯಾದಳು. ಅವರು ನೇಯ್ಗೆಯ ಜನ, ನಾವು ಬೇಸಾಯದವರು. ಅಪ್ಪ ಮದುವೆಗೆ ಹೋಗಲಿಲ್ಲ. ನಾನು ಹೋದೆ — ಮುಹೂರ್ತ ಮುಗಿದ ಮೇಲೆ, ಊಟದ ಹೊತ್ತಿಗೆ, ಎರಡೂ ಕಡೆಯವರಿಗೆ ಕಾಣಿಸುವ ಹಾಗೆ ಕಂಬದ ಪಕ್ಕ ನಿಂತಿದ್ದು ಬಂದೆ. ನನ್ನ ಸ್ವಭಾವವೇ ಅದು. ಉಭಯ ಪಾರ್ಟಿಗಳಿಗೂ ಒಬ್ಬನೇ ಪತ್ರ ಬರೆದು ಅಭ್ಯಾಸ.

ಅಪ್ಪ ಎರಡು ವರ್ಷ ಅವಳ ಹೆಸರೆತ್ತಲಿಲ್ಲ. ಮೂರನೆಯ ವರ್ಷ, ಪಕ್ಷಕ್ಕೆ ಇನ್ನೂ ಸಾಕಷ್ಟು ದಿನ ಇರುವಾಗಲೇ, ಹಸುವಿಗೆ ಹುಲ್ಲು ಹಾಕುತ್ತಿದ್ದವರು ನನ್ನ ಕಡೆ ತಿರುಗದೆ ಹೇಳಿದರು:

“ಲೇ ನಂಜುಂಡ, ಜಯನ್ನ ಪಕ್ಷಕ್ಕೆ ಕರಿ. ಕಜ್ಜಾಯ ಮಾಡ್ಕೊಂಡು ಬರ್ಲಿ ಅನ್ನು. ಈಗ್ಲೇ ಹೇಳ್ಬಿಡು, ಅಕ್ಕಿ ನೆನೆಹಾಕಿ, ಆರಿಸಿ, ಹಿಟ್ಟು ಕಲಸಿ ಇಡ್ಬೇಕಲ್ಲ. ಅದೇನು ಉಪ್ಪಿಟ್ಟಾ?”

ಅಷ್ಟು ಮಾತಿನಲ್ಲಿ ಎಲ್ಲ ಇತ್ತು ಎಂದು ಈಗ ಅನ್ನಿಸುತ್ತದೆ. ಕ್ಷಮಿಸಿದ್ದೇನೆ ಎಂದು ಹೇಳಲು ಅಪ್ಪನಿಗೆ ಬರುತ್ತಿರಲಿಲ್ಲ. ಹಿಟ್ಟು ಕಲಸಲು ಹೊತ್ತು ಬೇಕು ಎಂದು ಹೇಳಲು ಬರುತ್ತಿತ್ತು. ಅವಳ ಕಜ್ಜಾಯ ಎಂದರೆ ಅವರಿಗೆ ಪ್ರಾಣ. ಅವಳು ಮೇಲೆ ಗಸಗಸೆಯನ್ನು ಜಿಪುಣತನವಿಲ್ಲದೆ ಒತ್ತುತ್ತಿದ್ದಳು, ಅಂಚು ಒಂದಿಷ್ಟು ಹೆಚ್ಚೇ ಕೆಂಪಗಾಗುವ ತನಕ ಎಣ್ಣೆಯಲ್ಲಿ ಬಿಡುತ್ತಿದ್ದಳು. ಮದುವೆಯಾಗಿ ಹೋದ ಮೇಲೆ ನಮ್ಮ ಮನೆಯಲ್ಲಿ ಕಜ್ಜಾಯ ಆಗುತ್ತಿತ್ತು, ಅಪ್ಪ ತಿನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಏನೂ ಹೇಳಲು ಗೌರಮ್ಮ ಬಿಡುವುದಿಲ್ಲ.

ಫೋನು ಮಾಡಿ ಜಯಳನ್ನು ಊಟಕ್ಕೆ ಕರೆದೆ. ಅಪ್ಪ ಕರಿ ಅಂದ್ರು ಎಂದೆ. ಕಜ್ಜಾಯದ ಮಾತು ಎತ್ತಲಿಲ್ಲ. ಯಾಕೆ ಎಂದರೆ — ನಮ್ಮ ದೊಡ್ಡಪ್ಪ ಮುನಿಶಾಮಪ್ಪನವರು.

ದೊಡ್ಡಪ್ಪ ಎಲೆ ಬಿಟ್ಟು ಏಳುವುದರಲ್ಲಿ ಹೋಬಳಿಗೇ ಹೆಸರಾದವರು. ಒಂದು ಮದುವೆಯಲ್ಲಿ ಪಕ್ಕದವನ ಎಲೆಗೆ ಬಿದ್ದ ತುಂಡು ತಮ್ಮ ತುಂಡಿಗಿಂತ ದೊಡ್ಡದಿತ್ತೆಂದು ಎದ್ದಿದ್ದರು. ಕೇಳಿದರೆ ತುಂಡಿನ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ ಅಂದಿದ್ದರು. ಅಂಥವರು, ನೇಯ್ಗೆಯವರ ಮನೆಯ ಒಲೆಯ ಮೇಲೆ ಆದ ಕಜ್ಜಾಯ ತಮ್ಮ ಅಪ್ಪ ಅಮ್ಮನ ಎಡೆಯಲ್ಲಿ ಕಂಡರೆ? ಎದ್ದೇಳುತ್ತಾರೆ. ಅವರು ಎದ್ದರೆ ಅವರ ಹಿಂದೆ ಇಡೀ ಸಾಲು ಏಳುತ್ತದೆ. ಅಡುಗೆ ಉಳಿಯುತ್ತದೆ. ಮಾರನೆಯ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಂತು ಜನ ಮಾತಾಡುತ್ತಾರೆ. ಹೀಗೆ ನನ್ನ ತಲೆಯಲ್ಲಿ ದೊಡ್ಡಪ್ಪ ಹತ್ತಾರು ಸಲ ಎದ್ದರು, ಕೈ ತೊಳೆದರು, ಚಪ್ಪಲಿ ಮೆಟ್ಟಿದರು. ನಿಜವಾದ ದೊಡ್ಡಪ್ಪನನ್ನು ಮಾತ್ರ ನಾನು ಒಂದು ಮಾತು ಕೇಳಲಿಲ್ಲ.

ಕೆಲವು ದಿನ ಬಿಟ್ಟು ಜಯಳೇ ಫೋನು ಮಾಡಿದಳು. ದನಿಯಲ್ಲಿ ಏನೋ ಸಡಗರವಿತ್ತು. ಈಗ ನೆನೆದರೆ ತಿಳಿಯುತ್ತದೆ, ಆಗ ತಿಳಿಯದ ಹಾಗೆ ಇದ್ದೆ.

“ಅಣ್ಣ, ಎಡೆಗೆ ಏನ್ ತರ್ಲಿ?”

“ಏನೂ ತರ್ಬೇಡ ಕಣಮ್ಮ.”

“ಏನೂ?”

“ಅಪ್ಪ ಹೇಳವ್ರೆ. ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗು.”

ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು. ಆಮೇಲೆ “ಆಯ್ತಣ್ಣ” ಎಂದಳು. ಅಷ್ಟೇ. ಒಂದು ಪತ್ರದಲ್ಲಿ ಒಂದು ಸಾಲು ಬಿಟ್ಟರೆ ಏನಾಗುತ್ತದೆಂದು ಬಲ್ಲವನು ನಾನು. ಪೂರ್ವಕ್ಕೆ ಯಾರ ಜಮೀನು ಎಂಬ ಒಂದೇ ಸಾಲು ಬಿಟ್ಟುಹೋಗಿ ಅಣ್ಣತಮ್ಮಂದಿರು ಕೋರ್ಟಿನ ಬಾಗಿಲು ಸವೆಸಿದ್ದನ್ನು ಕಂಡಿದ್ದೇನೆ. ಅಂಥ ಕಡೆಯೆಲ್ಲ ಸಾಲು ಬಿಟ್ಟವರು ಕಣ್ತಪ್ಪು ಅನ್ನುತ್ತಾರೆ. ನಾನು ಹಾಗೆ ಅನ್ನಲಾರೆ. ಕಣ್ಣು ಬಿಟ್ಟುಕೊಂಡೇ ಬಿಟ್ಟೆ. ಬಿಟ್ಟಿದ್ದಲ್ಲದೆ, ಖಾಲಿಯಾದ ಜಾಗದಲ್ಲಿ ಅಪ್ಪನ ಹೆಸರಿನಲ್ಲಿ ಇನ್ನೊಂದು ಸಾಲು ಬರೆದೆ.

ಪಕ್ಷದ ದಿನ ಅವಳು ಬರಲಿಲ್ಲ.

ಅಪ್ಪ ಸ್ನಾನ ಮುಗಿಸಿ, ಒಗೆದ ಪಂಚೆ ಉಟ್ಟು ಬೆಳಿಗ್ಗೆಯೇ ಜಗಲಿಗೆ ಬಂದು ಕೂತಿದ್ದರು. ಬಸ್ಸು ಬರುವ ಹೊತ್ತಿಗೆ ರಸ್ತೆ ನೋಡುವರು, ಬಸ್ಸು ಹೋದ ಮೇಲೆ ಬೀಡಿ ಹಚ್ಚುವರು. ಒಳಗೆ ಅಡುಗೆ ಆಗುತ್ತಿತ್ತು. ನೆಂಟರು ಒಬ್ಬೊಬ್ಬರಾಗಿ ಬಂದರು. ಸೋದರತ್ತೆ ತಿಮ್ಮಕ್ಕ ವಡೆ ತಂದರು, ದೊಡ್ಡಪ್ಪ ತಾವೇ ಮುಂದೆ ನಿಂತು ಮಾಡಿಸಿದ ಕೋಳಿಸಾರು ತಂದರು. ಬಂದವರ ಕೈಯನ್ನೆಲ್ಲ ಅಪ್ಪ ನೋಡುತ್ತಿದ್ದರು. ಕೊನೆಗೆ ನನ್ನನ್ನು ಕರೆದರು.

“ಫೋನ್ ಮಾಡಿದ್ಯೇನ್ಲಾ ಅವ್ಳಿಗೆ?”

“ಮಾಡಿದ್ದೆ.”

“ಕಜ್ಜಾಯ ಅಂತ ಹೇಳಿದ್ಯಾ?”

“ಹೇಳಿದ್ದೆ.”

“ಮತ್ಯಾಕೆ ಇನ್ನೂ ಬರ್ಲಿಲ್ಲ? ಸ್ಕೂಟ್ರು ತಗೊಂಡು ಹೋಗು, ಕರ್ಕೊಂಡು ಬಾ. ಎಡೆ ನಿಧಾನಕ್ಕೆ ಇಡಾಣ, ಹಿರೀಕರೇನು ಬಸ್ ಹಿಡೀಬೇಕಾ?”

ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತು ಕೂಡಿಸಿಕೊಂಡೆ. ಅವಳ ಬೀದಿಯ ತಿರುವಿನ ತನಕ ಹೋದೆ. ಮಗ್ಗದ ಸದ್ದು ಕೇಳುವಷ್ಟು ಹತ್ತಿರ ಹೋಗಿದ್ದೆ. ಅಲ್ಲಿ ಸ್ಕೂಟರ್ ನಿಲ್ಲಿಸಿದೆ — ಅಪ್ಪ ಕಜ್ಜಾಯ ಕೇಳಿದ್ದರು ಎಂದು ಈಗ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾಳೆ. ಹೇಳದಿದ್ದರೆ ಅವಳು ಬರುವುದಿಲ್ಲ. ಬಂದರೆ ಅಪ್ಪ ಅವಳನ್ನೇ ಕೇಳುತ್ತಾರೆ. ಎಲ್ಲ ದಾರಿಯೂ ನನ್ನ ಸುಳ್ಳಿನ ಮುಂದೆಯೇ ಹಾದುಹೋಗುತ್ತಿತ್ತು. ಮನುಷ್ಯ ಆಗ ಏನು ಮಾಡಬೇಕೋ ಅದನ್ನು ಮಾಡಲಿಲ್ಲ. ಸ್ಕೂಟರ್ ತಿರುಗಿಸಿ ಪೇಟೆಗೆ ಹೋದೆ.

ಕುರುಕಲು ತಿಂಡಿಯ ಅಂಗಡಿಯಲ್ಲಿ ಕಜ್ಜಾಯ ಕೊಂಡೆ. ಅವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಟ್ಟರು. ಕವರಿನ ಮೇಲೆ ಅಂಗಡಿಯ ಹೆಸರು ದೊಡ್ಡದಾಗಿತ್ತು. ಆದ್ದರಿಂದ ಪಾತ್ರೆ ಅಂಗಡಿಗೆ ಹೋಗಿ ಮುಚ್ಚಳವಿರುವ ಒಂದು ಸ್ಟೀಲಿನ ಡಬ್ಬಿ ಕೊಂಡೆ. ಹೊಸದು ಎಂದು ತಿಳಿಯಬಾರದಲ್ಲ — ರಸ್ತೆ ಬದಿಯಲ್ಲಿ ಕೂತು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ನಕಲಿ ದಸ್ತಾವೇಜು ಮಾಡುವವರನ್ನು ಕಂಡರೆ ಉರಿದುಬೀಳುವ ಮನುಷ್ಯ ನಾನು. ಅವತ್ತು ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದೆ ಎಂದರೆ, ಅನುಭವವಿಲ್ಲದವನ ಕೈಯೆಂದು ಯಾರೂ ಹೇಳುತ್ತಿರಲಿಲ್ಲ.

ಮನೆಗೆ ಬಂದು ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟೆ. “ಅವರ ಮನೇಲೂ ಇವತ್ತೇ ಹಬ್ಬವಂತೆ, ಬರಕ್ಕಾಗಲ್ವಂತೆ. ಕಜ್ಜಾಯ ಕೊಟ್ಟು ಕಳಿಸವ್ಳೆ,” ಎಂದೆ.

ಅಪ್ಪ ಮುಚ್ಚಳ ತೆಗೆದು ನೋಡಿದರು. ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದರು.

“ಗಸಗಸೆ ಕಮ್ಮಿ ಹಾಕವ್ಳೆ,” ಎಂದರು. ಆಮೇಲೆ ಅದನ್ನು ಡಬ್ಬಿಯಲ್ಲಿ ವಾಪಸ್ಸು ಇಟ್ಟು, “ಪಾಪ, ಆ ಮನೇಲಿ ಅತ್ತೆ ಕೈ ಬಿಗಿಯೇನೋ. ಇದ್ದಿದ್ರಲ್ಲೇ ಮಾಡವ್ಳೆ ಮಗಳು,” ಎಂದರು.

ಡಬ್ಬಿ ಹಿಡಿದುಕೊಂಡು ತಾವೇ ಒಳಗೆ ಹೋದರು. ಎಡೆಯ ಎಲೆಯ ಮೇಲೆ, ಎಲ್ಲಕ್ಕಿಂತ ಮುಂದೆ ಕಾಣುವ ಹಾಗೆ ಕಜ್ಜಾಯ ಇಟ್ಟರು. ಬಾಗಿಲು ಮುಚ್ಚಿ ಹೊರಗೆ ಬಂದಾಗ ಜಗಲಿಯ ಮೇಲಿದ್ದವರಿಗೆಲ್ಲ ಕೇಳುವಂತೆ, ಯಾರೂ ಕೇಳದಿದ್ದರೂ, “ಕಜ್ಜಾಯ ನಮ್ಮ ಜಯ ಕಳಿಸಿರೋದು,” ಎಂದರು. ನಾನು ದೊಡ್ಡಪ್ಪನ ಮುಖ ನೋಡಿದೆ. ದೊಡ್ಡಪ್ಪ ಮೀಸೆ ಸವರಿಕೊಂಡು, “ಹೌದಾ? ಅವಳ ಕೈ ಕಜ್ಜಾಯ ತಿಂದು ಬಲು ದಿನ ಆಯ್ತು. ಲೇ ನಂಜುಂಡ, ಬಡಿಸೋವಾಗ ಆ ಕೊನೆಯಿಂದ ಶುರು ಮಾಡ್ಬೇಡ, ಈ ಕೊನೆಯಿಂದ ಬಾ,” ಎಂದರು. ಊಟದಲ್ಲಿ ಎರಡು ತಿಂದು, ಎಲೆಯ ಮೇಲೆ ಮೂರನೆಯದಕ್ಕೆ ಜಾಗ ಮಾಡಿಕೊಂಡರು. ಎದ್ದವರು ಕೈ ತೊಳೆಯಲು ಎದ್ದರು, ಅಷ್ಟೇ.

ಯಾವ ಮನುಷ್ಯನ ಹೆದರಿಕೆಯಿಂದ ಇಷ್ಟೆಲ್ಲ ಮಾಡಿದೆನೋ ಆ ಮನುಷ್ಯ ನನ್ನ ತಲೆಯೊಳಗೆ ಮಾತ್ರ ಇದ್ದ. ಇದನ್ನು ನೆಪವೆಂದು ಹೇಳುತ್ತಿಲ್ಲ. ಹೊರಗಿನ ದೊಡ್ಡಪ್ಪ ಹಾಗಿಲ್ಲದಿದ್ದರೆ, ಆ ಒಳಗಿನವನು ಯಾರು ಎಂಬುದಕ್ಕೆ ಉತ್ತರ ಒಂದೇ.

ಮುಂದಿನ ಪಕ್ಷ ಬರುವುದರೊಳಗೆ ಅಪ್ಪ ತೀರಿಕೊಂಡರು. ಜ್ವರ ಎಂದು ಮಲಗಿದವರು ಏಳಲಿಲ್ಲ. ಜಯ ಸುದ್ದಿ ತಿಳಿದು ಓಡಿ ಬಂದಳು. ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತಳು — ಒಳಗೆ ಬರಬಹುದೋ ಬಾರದೋ ಎಂದು ಯಾರನ್ನಾದರೂ ಕೇಳುವವಳ ಹಾಗೆ. ತಿಮ್ಮಕ್ಕತ್ತೆ ಕೈ ಹಿಡಿದು ಎಳೆದುಕೊಂಡರು. ಆ ಒಂದು ಗಳಿಗೆಯೂ ನಾನು ಮಾಡಿದ್ದೇ.

ಆ ವರ್ಷದ ಪಕ್ಷಕ್ಕೆ ಅಪ್ಪನೇ ಎಡೆಯ ಕಡೆ ಸೇರಿದ್ದರು. ಗೌರಮ್ಮ ಜಯಳನ್ನು ತಾನೇ ಕರೆದಳು. ಜಯ ಗಂಡನ ಜೊತೆ ಬಂದಳು, ಬರಿಗೈಯಲ್ಲಿ. ಹೂವಿಲ್ಲ, ಹಣ್ಣಿಲ್ಲ. ಜಗಲಿಯ ಮೇಲೆ ನೆರೆಯವರು ಕೂರುವ ಕಡೆ ಕೂತು, ಎಲ್ಲರ ಜೊತೆ ನಗುತ್ತ ಉಂಡಳು. ಅಪ್ಪನದೆಂದು ನಾನು ಹೇಳಿದ ‘ಏನೂ ತರಬೇಡ’ ಎಂಬ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಅಪ್ಪನ ಮಾತು ಅವಳು ಯಾವತ್ತೂ ಮೀರಿದವಳಲ್ಲ — ಒಂದು ಸಲ ಬಿಟ್ಟು.

ಹೊರಡುವಾಗ ಗೌರಮ್ಮ ಒಳಗಿನಿಂದ ಆ ಡಬ್ಬಿ ತಂದಳು. ನನಗೆ ಅದು ಮರೆತೇಹೋಗಿತ್ತು. ಯಾರ ಮನೆಯಿಂದಾದರೂ ಪದಾರ್ಥ ಬಂದರೆ ಆ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು ಎಂಬುದು ನಮ್ಮ ಹೆಂಗಸರ ಕಾನೂನು. ಅದರಂತೆ ನನ್ನ ಹೆಂಡತಿ ಒಂದು ವರ್ಷದಿಂದ ಡಬ್ಬಿಯನ್ನು ಎತ್ತಿಟ್ಟು, ಅವತ್ತು ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದ್ದಳು.

“ತಗೊಳಮ್ಮ ನಿಂ ಡಬ್ಬಿ. ಹೋದ ವರ್ಷ ಕಜ್ಜಾಯ ಕಳಿಸಿದ್ಯಲ್ಲ, ಇಲ್ಲೇ ಉಳ್ಕೊಂಡಿತ್ತು.”

ತಿಮ್ಮಕ್ಕತ್ತೆ ಸುಮ್ಮನಿರಬೇಕಲ್ಲ. “ನಿಮ್ಮಪ್ಪ ಅದ್ನ ಎಲ್ರಿಗೂ ತೋರಿಸ್ಕೊಂಡು ತಿಂದ ಕಣೇ. ನನ್ ಮಗಳು ಕಳಿಸವ್ಳೆ, ನನ್ ಮಗಳು ಕಳಿಸವ್ಳೆ ಅಂತ ಒಂದೇ ಸಮ.”

ಜಯ ಡಬ್ಬಿಯನ್ನು ನೋಡಿದಳು. ಜನ್ಮದಲ್ಲಿ ಕಾಣದ ಡಬ್ಬಿ. ಆಮೇಲೆ ನನ್ನನ್ನು ನೋಡಿದಳು. ನಾನು ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಿದ್ದೆ. ಒಂದು ಮಾತು ಸಾಕಿತ್ತು: ಇದು ನಂದಲ್ಲ ಅತ್ತಿಗೆ. ಅಂಗಳದ ತುಂಬ ನೆಂಟರಿದ್ದರು.

“ಹೂಂ ಅತ್ತಿಗೆ, ಮರ್ತೇಹೋಗಿತ್ತು,” ಎಂದಳು. ಎರಡೂ ಕೈಯಲ್ಲಿ ತೆಗೆದುಕೊಂಡಳು.

ಅಲ್ಲಿಂದ ಈಚೆಗೆ ಎಷ್ಟೋ ಪಕ್ಷಗಳು ಬಂದುಹೋದವು. ಪ್ರತಿ ವರ್ಷ ಕರೆಯುತ್ತೇವೆ, ಪ್ರತಿ ವರ್ಷ ಬರುತ್ತಾಳೆ, ಬರಿಗೈಯಲ್ಲಿ. ಏನು ತರಲಿ ಎಂದು ಮತ್ತೆ ಕೇಳಿಲ್ಲ. ಡಬ್ಬಿಯ ಮಾತು ಎತ್ತಿಲ್ಲ. ಅವಳಿಗೆ ಎಲ್ಲ ತಿಳಿದಿದೆ ಎಂದು ನನಗೆ ತಿಳಿದಿತ್ತು. ನಾನು ಬಾಯಿ ಬಿಡಲಿ ಎಂದು ಕಾಯುತ್ತಿದ್ದಾಳೆ ಎಂದೂ ತಿಳಿದಿತ್ತು. ಅವಳು ಅತ್ತ ಹೋದ ಮೇಲೆ ನೆಂಟರು ಮಾತಾಡುತ್ತಾರೆ: “ಹೆತ್ತಪ್ಪನ ಎಡೆಗೆ ಒಂದು ಕಜ್ಜಾಯ ತರಕ್ಕೆ ಕೈ ಬರಲ್ವಲ್ಲ ಇವ್ಳಿಗೆ. ಒಂದು ಸಲ ಕಳಿಸಿದ್ದೇ ಕಳಿಸಿದ್ದು.” ನಾನು ಮಜ್ಜಿಗೆ ಬಡಿಸುತ್ತೇನೆ. ಯಾರಿಗೆ ಬೇಕು ಎಂದು ಕೇಳುತ್ತ ಆ ಕೊನೆಗೆ ಹೋಗುತ್ತೇನೆ. ಮೊದಲನೆಯ ಸುಳ್ಳನ್ನು ಒಂದು ಸಲ ಹೇಳಿದ್ದೆ. ಈ ಮಜ್ಜಿಗೆಯ ಸುಳ್ಳನ್ನು ಪ್ರತಿ ವರ್ಷ ಬಡಿಸಿದೆ. ಎರಡರಲ್ಲಿ ಯಾವುದು ದೊಡ್ಡದೆಂದು ನಿರ್ಧರಿಸಲು ನನಗೆ ಯೋಗ್ಯತೆಯಿಲ್ಲ.

ಈ ವರ್ಷ ದೊಡ್ಡಪ್ಪನನ್ನು ನೋಡಲು ಹೋಗಿದ್ದೆ. ಹಾಸಿಗೆ ಹಿಡಿದಿದ್ದಾರೆ, ಎಲೆ ಬಿಟ್ಟು ಏಳುವ ಶಕ್ತಿ ಇಲ್ಲ, ಎಲೆಗೆ ಬಂದು ಕೂರುವ ಶಕ್ತಿಯೂ ಇಲ್ಲ. ಪಕ್ಷಕ್ಕೆ ನಿಮ್ಮ ಊಟ ಇಲ್ಲಿಗೇ ಕಳಿಸುತ್ತೇವೆ, ಏನು ಬೇಕು ಎಂದೆ.

“ಜಯನ್ನ ಕೇಳ್ಲಾ, ಆ ವರ್ಷ ಕಳಿಸಿದ್ಲಲ್ಲ, ಅಂಥ ಕಜ್ಜಾಯ ಇನ್ನೊಂದು ಸಲ ಮಾಡ್ತಾಳಾ ಅಂತ. ಗಸಗಸೆ ಮಾತ್ರ ಜಾಸ್ತಿ ಹಾಕು ಅನ್ನು. ನಿಮ್ಮಪ್ಪ ಅದನ್ನೇ ಅಂದುಕೊಂಡು ಕೊರಗ್ದ.”

ಅಲ್ಲಿಂದ ನೇರವಾಗಿ ಜಯಳ ಮನೆಗೆ ಹೋದೆ. ಈ ಸಲ ತಿರುವಿನಲ್ಲಿ ನಿಲ್ಲಲಿಲ್ಲ.

ಇಷ್ಟು ವರ್ಷ ಮನಸ್ಸಿನಲ್ಲಿ ತಿದ್ದಿ ತೀಡಿದ ಮಾತು. ಮೆಲ್ಲನೆ, ಗಂಭೀರವಾಗಿ ಹೇಳಬೇಕೆಂದು ಹೋದರೆ ಮನೆಯೊಳಗೆ ಮಗ್ಗಗಳು ಧಡಧಡ ಹೊಡೆದುಕೊಳ್ಳುತ್ತಿದ್ದವು. ಶ್ರೀನಿವಾಸನೂ ಇಬ್ಬರು ಕೆಲಸದವರೂ ಅಲ್ಲಿದ್ದರು. ಜಯ ಬಾಗಿಲ ಬಳಿ ಕೂತು ನೂಲು ಸುತ್ತುತ್ತಿದ್ದಳು.

“ಅವತ್ತು ಅಪ್ಪ ಹಾಗೆ ಹೇಳಿರ್ಲಿಲ್ಲ,” ಎಂದೆ.

“ಏನು?”

“ಅಪ್ಪ ಏನೂ ತರ್ಬೇಡ ಅಂದಿರ್ಲಿಲ್ಲ!”

“ಕೇಳಿಸ್ತಿಲ್ಲ ಅಣ್ಣ, ಜೋರಾಗಿ ಹೇಳು!”

ಉಸಿರು ತುಂಬಿಕೊಂಡು, “ಕಜ್ಜಾಯ ಮಾಡ್ಕೊಂಡು ಬರಕ್ಕೆ ಹೇಳು ಅಂದಿದ್ರು, ನಾನೇ ಸು—” ಎನ್ನುವಾಗ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. “—ಳ್ಳು ಹೇಳ್ದೆ!” ಎಂಬ ನನ್ನ ಕೂಗು ಮಾತ್ರ ಆ ನಿಶ್ಶಬ್ದದಲ್ಲಿ ಉಳಿಯಿತು. ಶ್ರೀನಿವಾಸ ತಲೆಯೆತ್ತಿ ನೋಡಿದ. ಕೆಲಸದವರು ಬೇರೆಲ್ಲೋ ನೋಡಿದರು. ಏಕಾಂತದಲ್ಲಿ ಆಗಬೇಕಾಗಿದ್ದ ನೋಂದಣಿ ಸಾಕ್ಷಿಗಳ ಸಮಕ್ಷಮದಲ್ಲಿ ಆಯಿತು.

ಜಯ ನೂಲು ಪಕ್ಕಕ್ಕಿಟ್ಟಳು. “ಡಬ್ಬಿ ಕೈಗೆ ಬಂದ ದಿನಾನೇ ಗೊತ್ತಾಯ್ತು ಕಣಣ್ಣ, ಅಪ್ಪ ಹಂಗೆ ಅಂದಿರಲ್ಲ ಅಂತ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. “ಅಂಗಡೀದಾ?”

“ಅಂಗಡೀದು.”

“ತಿಂದ್ರಾ?”

“ತಿಂದ್ರು.”

“ಏನಂದ್ರು?”

ಸುಳ್ಳು ಹೇಳಬಹುದಿತ್ತು. ಚೆನ್ನಾಗಿದೆ ಅಂದ್ರು ಎಂದರೆ ಮುಗಿಯುತ್ತಿತ್ತು. “ಗಸಗಸೆ ಕಮ್ಮಿ ಅಂದ್ರು. ನಿಮ್ಮತ್ತೆ ಕೈ ಬಿಗಿಯೇನೋ, ಇದ್ದಿದ್ರಲ್ಲೇ ಮಾಡವ್ಳೆ ಅಂದ್ರು,” ಎಂದೆ.

ಅವಳು ನಕ್ಕಳು ಎಂದುಕೊಂಡೆ. ನಗುವಲ್ಲ ಅದು. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ನೀನು ಫೋನಲ್ಲಿ ಬೇಡ ಅಂದಾಗ ಹಿಟ್ಟು ಕಲಸಿ ಆಗಿತ್ತಣ್ಣ. ನೀನು ಕರೆದ ದಿನಾನೇ ಅಕ್ಕಿ ನೆನೆಹಾಕಿದ್ದೆ. ಏನ್ ತರ್ಲಿ ಅಂತ ಸುಮ್ನೆ ಬಾಯ್ಮಾತಿಗೆ ಕೇಳಿದ್ದು — ನಿನ್ ಬಾಯಲ್ಲಿ ಕಜ್ಜಾಯ ಅಂತ ಕೇಳಾಣ ಅಂತ. ನಮ್ಮತ್ತೆ ಗಸಗಸೆ ಡಬ್ಬಾನೇ ತಂದು ಮುಂದಿಟ್ಟಿದ್ರು. ನಿಮ್ಮಪ್ಪನಿಗೆ ಹೋಗೋದು, ಜಾಸ್ತಿ ಹಾಕಮ್ಮ ಅಂದಿದ್ರು. ಅದ್ನೆಲ್ಲ ಕರ್ದು ಮಗ್ಗದೋರಿಗೆ ಹಂಚ್ದೆ. ನೀನು ಸುಳ್ಳು ಹೇಳಿದ್ದು ಹೋಗ್ಲಿ. ಅಪ್ಪ ಆ ಅಂಗಡಿ ಕಜ್ಜಾಯಾನ ನಂದು ಅಂದ್ಕೊಂಡು ಹೋದ್ರಲ್ಲ — ಅದಕ್ಕೆ ಏನ್ ಮಾಡ್ತೀಯ?”

ಎಂಥ ತಪ್ಪಿಗೂ ತಿದ್ದುಪಡಿ ಪತ್ರ ಎಂದೊಂದಿದೆ. ಅದನ್ನೂ ನಾನೇ ಬರೆಯುತ್ತೇನೆ. ಆದರೆ ಅದಕ್ಕೆ ಎರಡೂ ಪಾರ್ಟಿಗಳು ಬಂದು ರುಜು ಹಾಕಬೇಕು. ಒಂದು ಪಾರ್ಟಿ ಪಟದಲ್ಲಿದ್ದಾರೆ. ಕಜ್ಜಾಯ ಸಿಗದೆ ಹೋದರು ಎಂದಿದ್ದರೆ ಅದು ಬೇರೆ. ಮಗಳ ಕೈ ಸೋತಿದೆ, ಮಗಳಿಗೆ ಆ ಮನೆಯಲ್ಲಿ ಕಷ್ಟವಿದೆ ಎಂದುಕೊಂಡು ಹೋದರು. ಅದನ್ನು ಅವರ ಮನಸ್ಸಿನಲ್ಲಿ ಬಿತ್ತಿದವನು ನಾನು. ಎಂದೂ ಮಾತಾಡಿಸದ ಒಬ್ಬ ಮುದುಕಿಗೆ ಜಿಪುಣಿ ಎಂಬ ಹೆಸರನ್ನೂ ಹೊರಿಸಿದೆ. ಶ್ರೀನಿವಾಸ ಅದನ್ನೂ ಕೇಳಿಸಿಕೊಂಡು ನಿಂತಿದ್ದ. ತನ್ನ ತಾಯಿಯ ವಿಷಯ ಅದು.

ನಾನು ಹೊರಟು ನಿಂತೆ. “ಪಕ್ಷ ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ಕಜ್ಜಾಯ ಮಾಡ್ಕೊಂಡು ಬಾ. ಅಪ್ಪ ಹೇಳವ್ರೆ. ಈಗ್ಲೇ ಹೇಳ್ತಿದೀನಿ, ಹಿಟ್ಟು ಕಲಸಿ ಇಡ್ಬೇಕಲ್ಲ,” ಎಂದೆ. ಅಪ್ಪ ಹೇಳಿದ್ದು ಅಷ್ಟೇ, ಅದನ್ನೇ ಹೇಳಿದೆ. ಉಪ್ಪಿಟ್ಟಿನ ಮಾತು ಮಾತ್ರ ಅಪ್ಪನಿಗೇ ಬಿಟ್ಟೆ.

ಜಯ ಬೀದಿಯ ತನಕ ಬಂದಳು. “ಆ ಡಬ್ಬಿ ಇನ್ನೂ ಅಟ್ಟದ ಮೇಲೈತೆ,” ಎಂದಳು. “ಬರ್ತಾ ಅದನ್ನ ತರ್ತೀನಿ. ಒಳಗೆ ಏನಿರ್ತದೆ ಅಂತ ಕೇಳ್ಬೇಡ.”

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಶುರುವಾದವು.

ಪಕ್ಷ ನಾಳೆ. ಡಬ್ಬಿ ಬರುತ್ತದೆ. ತುಂಬಿ ಬರುತ್ತದೋ ಬರಿದಾಗಿ ಬರುತ್ತದೋ ನನಗೆ ಗೊತ್ತಿಲ್ಲ. ಪಾತ್ರೆಯನ್ನು ಬರಿದಾಗಿ ಕೊಡಬಾರದೆಂಬ ಕಾನೂನು ಅವಳಿಗೂ ಗೊತ್ತು, ಅದನ್ನು ಮುರಿಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವಳಿಗೇ. ಗೌರಮ್ಮನಿಗೆ ಇವತ್ತು ಬೆಳಿಗ್ಗೆ ಎಲ್ಲ ಹೇಳಿದೆ. ಅವಳು ತುಂಬ ಹೊತ್ತು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದು, “ಈ ಸಲ ಕಜ್ಜಾಯ ನಾನು ಮಾಡಲ್ಲ,” ಎಂದಳು.

ತುಂಬಿ ಬಂದರೆ ಜಯಳೇ ತನ್ನ ಕೈಯಿಂದ ಅಪ್ಪನ ಎಲೆಗೆ ಬಡಿಸುತ್ತಾಳೆ. ಬರಿದಾಗಿ ಬಂದರೆ ಆ ಡಬ್ಬಿಯನ್ನೇ, ಮುಚ್ಚಳ ತೆಗೆದು, ಕಜ್ಜಾಯ ಇರಬೇಕಾದ ಜಾಗದಲ್ಲಿ ಇಡುತ್ತೇನೆ. ಎರಡರಲ್ಲಿ ಯಾವುದೇ ಆಗಲಿ, ಬಾಗಿಲು ಮುಚ್ಚುವ ಮುಂಚೆ, ಒಳಗಿನವರಿಗೂ ಜಗಲಿಯವರಿಗೂ ಕೇಳುವ ಹಾಗೆ ಈ ಬರಹದ ಮೊದಲ ಸಾಲುಗಳನ್ನು ಓದುತ್ತೇನೆ. ಅಲ್ಲಿ ಮಗ್ಗದ ಸದ್ದಿರುವುದಿಲ್ಲ, ಕೂಗಬೇಕಾಗಿಲ್ಲ. ಯಾರಾದರೂ ಎಲೆ ಬಿಟ್ಟು ಏಳುವುದಾದರೆ ಏಳಲಿ.

ಪೇಟೆಯ ಕಡೆ ನಾನು ಹೋಗುವುದಿಲ್ಲ.